ಲೈಪೊಸಕ್ಷನ್ ನಿಮಗೆ ತಕ್ಕದ್ದೇ: ಎರಡು ಕಡೆ ಪಡೆದ ಸಮಾಲೋಚನೆಯ ವಿಮರ್ಶೆ

ಲೈಪೊಸಕ್ಷನ್, ಅಂದರೆ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರ ಅನುಭವಗಳು ಬೇಕಾದಷ್ಟು ಓದಲು ಸಿಗುತ್ತವೆ. ಆದರೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಕೇಳಲು ಹೋದಾಗ ವೈದ್ಯರ ಕೊಠಡಿಯಲ್ಲಿ ಏನು ನಡೆಯುತ್ತದೆ, ಆ ಸಮಾಲೋಚನೆಗೆ ಕಟ್ಟುವ ಶುಲ್ಕಕ್ಕೆ ಪ್ರತಿಯಾಗಿ ನಮಗೆ ಏನು ದಕ್ಕುತ್ತದೆ ಎಂಬುದನ್ನು ಬರೆದವರು ಕಡಿಮೆ. ನಾನು ಮತ್ತು ನನ್ನ ತಂಗಿ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಬೆಂಗಳೂರಿನ ಎರಡು ಕಡೆ ಹೋಗಿದ್ದೆವು. ಮೊದಲನೆಯದು ಸೌಂದರ್ಯ ಚಿಕಿತ್ಸೆಯನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡಿರುವ ಖಾಸಗಿ ಕ್ಲಿನಿಕ್. ಎರಡನೆಯದು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯೊಂದರ ಪ್ಲಾಸ್ಟಿಕ್ ಸರ್ಜರಿ ವಿಭಾಗ. ಎರಡರ ಹೆಸರನ್ನೂ ಬರೆಯುತ್ತಿಲ್ಲ. ಓದುವವರು ಬೇರೆ ಊರಿನಲ್ಲಿ, ಬೇರೆ ವೈದ್ಯರ ಮುಂದೆ ಕೂರುವವರು. ಅವರಿಗೆ ಹೆಸರಿಗಿಂತ ಒಳ್ಳೆಯ ಸಮಾಲೋಚನೆಯನ್ನು ಗುರುತಿಸುವ ಬಗೆ ಹೆಚ್ಚು ಉಪಯೋಗಕ್ಕೆ ಬಂದೀತು. ನಾನು ಇಟ್ಟುಕೊಂಡ ಅಳತೆಗೋಲು ಒಂದೇ: "ನಿಮಗೆ ಇದು ಬೇಡ" ಎಂದು ಹೇಳಬೇಕಾದ ಕಡೆ ಹಾಗೆ ಹೇಳಿ ಬರುವ ಹಣವನ್ನು ಬಿಟ್ಟುಕೊಡಲು ಆ ಸಂಸ್ಥೆ ತಯಾರಿದೆಯೇ ಎಂಬುದು.

ನಮ್ಮ ಪರಿಸ್ಥಿತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನಗೆ ನಲವತ್ತು ದಾಟಿದೆ. ಎರಡು ಸಿಸೇರಿಯನ್ ಹೆರಿಗೆಗಳ ನಂತರ ಕೆಳಹೊಟ್ಟೆಯ ಚರ್ಮ ಹೊಲಿಗೆಯ ಗೆರೆಯ ಮೇಲೆ ಮಡಿಕೆಯಾಗಿ ಇಳಿಬಿದ್ದಿದ್ದು, ನಡಿಗೆ, ಯೋಗ, ಊಟದ ಕಟ್ಟುನಿಟ್ಟು ಯಾವುದಕ್ಕೂ ಜಗ್ಗಿಲ್ಲ. ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ತೂಕ ಎತ್ತರಕ್ಕೆ ತಕ್ಕಂತೆಯೇ ಇದ್ದು ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದೆ, ಆದರೆ ತೊಡೆಗಳ ಹೊರಬದಿಯಲ್ಲಿ ಎರಡು ಉಬ್ಬುಗಳಿವೆ. ನಮ್ಮ ತಾಯಿಯ ಕಡೆಯ ಹೆಂಗಸರಲ್ಲಿ ಬಹುಪಾಲು ಎಲ್ಲರಿಗೂ ಇರುವ ಮೈಕಟ್ಟು ಅದು. ಜೊತೆಗೆ ಕಾರು ಓಡಿಸಲೆಂದು ಬಂದ ನಮ್ಮ ಮನೆಯವರೂ ಇದ್ದರು. ಅವರದು ಮುಂದಕ್ಕೆ ಗಟ್ಟಿಯಾಗಿ ಚಾಚಿಕೊಂಡ ಹೊಟ್ಟೆ, ಜೊತೆಗೆ ಬಿಪಿ, ಸಕ್ಕರೆ ಕಾಯಿಲೆಯ ಹೊಸ್ತಿಲು. ಹೀಗೆ ಒಂದೇ ಮನೆಯ ಮೂರು ಬಗೆಯ ದೇಹಗಳು ಒಂದೇ ಪ್ರಶ್ನೆಯನ್ನು ಕೇಳಿದಂತಾಯಿತು.

ಕ್ಲಿನಿಕ್ಕಿನ ಸ್ವಾಗತ, ಸ್ವಚ್ಛತೆ, ಸಮಯಪಾಲನೆ ಇವುಗಳಲ್ಲಿ ದೋಷ ಹೇಳುವಂತಿಲ್ಲ. ಕೊಟ್ಟ ಹೊತ್ತಿಗೆ ಒಳಗೆ ಕರೆದರು, ಕನ್ನಡದಲ್ಲೇ ಮಾತನಾಡಿದರು. ಆದರೆ ನಾವು ಮೊದಲು ಕುಳಿತದ್ದು ವೈದ್ಯರ ಮುಂದೆ ಅಲ್ಲ, ಕೌನ್ಸೆಲರ್ ಎಂಬ ಫಲಕವಿದ್ದ ಮೇಜಿನ ಮುಂದೆ. ಅಲ್ಲಿದ್ದ ಯುವತಿ ಟ್ಯಾಬ್ಲೆಟ್‌ನಲ್ಲಿ ಹೆಣ್ಣಿನ ದೇಹದ ರೇಖಾಚಿತ್ರವನ್ನು ತೆರೆದು, ಹೊಟ್ಟೆಯ ಕೆಳಭಾಗ, ಮೇಲ್ಭಾಗ, ಎರಡು ಪಕ್ಕೆಗಳು ಎಂದು ಒಂದೊಂದನ್ನೇ ಬೆರಳಿನಿಂದ ಒತ್ತುತ್ತಾ ಹೋದಂತೆ ಪರದೆಯ ಕೆಳಗಿನ ಮೊತ್ತ ಏರುತ್ತಾ ಹೋಯಿತು. ನಾನು ಕೇಳಿದ್ದು ಕೆಳಹೊಟ್ಟೆಯ ಬಗ್ಗೆ ಮಾತ್ರ. "ಪಕ್ಕೆ ಬಿಟ್ಟರೆ ಶೇಪ್ ಬರಲ್ಲ ಮೇಡಂ, ಜೊತೆಗೇ ಮಾಡಿಸಿಬಿಡಿ, ಒಂದೇ ಅನಸ್ತೇಶಿಯಾ ಆಗತ್ತೆ" ಎಂದು ಆಕೆ ಹೇಳಿದರು. ತಿಂಗಳ ಕಂತಿನ ಸೌಲಭ್ಯವಿದೆ, ಆ ದಿನವೇ ಮುಂಗಡ ಕಟ್ಟಿದರೆ ರಿಯಾಯಿತಿಯಿದೆ ಎಂದೂ ತಿಳಿಸಿದರು. ಶಸ್ತ್ರಚಿಕಿತ್ಸೆಗೆ ಅಂದಂದಿನ ರಿಯಾಯಿತಿ ಎಂಬುದು ನನ್ನ ದೃಷ್ಟಿಯಲ್ಲಿ ಎದ್ದು ಹೊರಡಲು ಸಾಕಾದ ಕಾರಣ. ನಂತರ ಬಂದ ವೈದ್ಯರು ಸೌಜನ್ಯದಿಂದಲೇ ಮಾತನಾಡಿದರು, ನನ್ನ ಫೋಟೊಗಳನ್ನು ನೋಡಿದರು, ಸಿಸೇರಿಯನ್ ಆಗಿದೆಯೇ ಎಂದು ಕೇಳಿದರು. ಆದರೆ ಹೊಟ್ಟೆಯನ್ನು ಕೈಯಿಂದ ಮುಟ್ಟಿ ಪರೀಕ್ಷಿಸಲಿಲ್ಲ. ನುಂಗುತ್ತಿರುವ ಮಾತ್ರೆಗಳು, ಕಾಲಿನ ರಕ್ತನಾಳಗಳ ತೊಂದರೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂಬ ಪ್ರಶ್ನೆಗಳು ಬರಲೇ ಇಲ್ಲ. ನನಗೂ ತಂಗಿಗೂ ಇಬ್ಬರಿಗೂ ಸಿಕ್ಕ ಉತ್ತರ ಒಂದೇ: ಮಾಡಬಹುದು. ಮನೆಯವರು ತಮಾಷೆಗೆಂಬಂತೆ ತಮ್ಮ ಹೊಟ್ಟೆಯನ್ನು ತೋರಿಸಿದಾಗ ಅವರಿಗೂ ಅದೇ ಉತ್ತರ ಬಂತು.

ಈ ಉತ್ತರ ಏಕೆ ಅನುಮಾನಕ್ಕೆ ಎಡೆಮಾಡಬೇಕು ಎಂದು ತಿಳಿಯಲು ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ಚರ್ಮಕ್ಕೂ ಅದರ ಕೆಳಗಿನ ಸ್ನಾಯುವಿಗೂ ನಡುವೆ ಇರುವ ಕೊಬ್ಬಿನ ಪದರಕ್ಕೆ, ಕೆಲವೇ ಮಿಲಿಮೀಟರ್ ಉದ್ದದ ರಂಧ್ರಗಳ ಮೂಲಕ ತುದಿ ಮೊಂಡಾದ ಉಕ್ಕಿನ ಕೊಳವೆಯನ್ನು ತೂರಿಸಿ, ಹಿಂದೆ ಮುಂದೆ ಆಡಿಸುತ್ತಾ, ನಿರ್ವಾತದ ಬಲದಿಂದ ಕೊಬ್ಬನ್ನು ಹೀರಿ ತೆಗೆಯುವುದೇ ಲೈಪೊಸಕ್ಷನ್. 1970ರ ದಶಕದಲ್ಲಿ ರೋಮ್‌ನ ಫಿಷರ್ ತಂದೆ-ಮಗ ಇದರ ಮೊದಲ ಉಪಕರಣಗಳನ್ನು ರೂಪಿಸಿದರು. ಪ್ಯಾರಿಸ್‌ನ ಈವ್ ಜೆರಾರ್ ಇಲ್ಲೂಸ್ 1977ರ ಹೊತ್ತಿಗೆ ಮೊಂಡು ಕೊಳವೆಯನ್ನು ಬಳಸಿ, ಕೊಬ್ಬಿನ ನಡುವೆ ಹಾಯುವ ರಕ್ತನಾಳ ಮತ್ತು ನರಗಳನ್ನು ಆದಷ್ಟೂ ಉಳಿಸಿಕೊಳ್ಳುವ ಕ್ರಮವನ್ನು ನೆಲೆಗೊಳಿಸಿದರು. ಇದಕ್ಕೂ ಮೊದಲು, 1920ರ ದಶಕದಲ್ಲಿ, ಪ್ಯಾರಿಸ್‌ನಲ್ಲೇ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ಕಾಲು ಕೊಳೆತು ಅದನ್ನೇ ಕತ್ತರಿಸಬೇಕಾಗಿ ಬಂದದ್ದು ಈ ಶಸ್ತ್ರಚಿಕಿತ್ಸೆಯ ಚರಿತ್ರೆಯ ಕರಾಳ ಪುಟ. ಇಂದಿನ ರೂಪಕ್ಕೆ ಮುಖ್ಯ ಕಾರಣರಾದವರು ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್. ಸಲೈನ್‌ನಲ್ಲಿ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧಿ ಮತ್ತು ಅಡ್ರಿನಲಿನ್ ಅನ್ನು ತೆಳುವಾಗಿ ಬೆರೆಸಿ, ಕೊಬ್ಬಿನ ಪದರ ಉಬ್ಬಿ ಬಿಗಿಯಾಗುವಷ್ಟು ತುಂಬಿಸುವ ಕ್ರಮವನ್ನು ಅವರು 1987ರಲ್ಲಿ ಪ್ರಕಟಿಸಿದರು. ಅಡ್ರಿನಲಿನ್‌ನಿಂದ ರಕ್ತನಾಳಗಳು ಮುದುಡಿಕೊಳ್ಳುವುದರಿಂದ, ಹಿಂದೆ ರಕ್ತ ಕೊಡಬೇಕಾಗುತ್ತಿದ್ದ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಷ್ಟ ಬಹಳಷ್ಟು ಇಳಿಯಿತು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಕೊಳವೆ ತಲುಪುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಹೊಟ್ಟೆಯ ಸ್ನಾಯುಗೋಡೆಯ ಒಳಗೆ ಕರುಳುಗಳ ಸುತ್ತ ಕೂತಿರುವ ಕೊಬ್ಬನ್ನು ಅದು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹಾಗೆಯೇ ಅದು ಕೊಬ್ಬನ್ನು ತೆಗೆಯುತ್ತದೆಯೇ ಹೊರತು, ಹಿಗ್ಗಿ ಸಡಿಲವಾದ ಚರ್ಮವನ್ನು ಕತ್ತರಿಸುವುದಿಲ್ಲ, ಅಗಲಿದ ಸ್ನಾಯುವನ್ನು ಹೊಲಿಯುವುದಿಲ್ಲ. ಒಳಗಿನ ಕೊಬ್ಬು ನಮ್ಮ ಮನೆಯವರದು. ಸಡಿಲ ಚರ್ಮ ನನ್ನದು. ಚರ್ಮದಡಿಯ ಕೊಬ್ಬು ಒಂದೇ ಕಡೆ ಗುಡ್ಡೆಯಾಗಿರುವುದು ತಂಗಿಯದು. ಮೂವರಿಗೂ ಒಂದೇ ಉತ್ತರ ಕೊಟ್ಟವರು ಮೂವರನ್ನೂ ನೋಡಿಲ್ಲವೆಂದೇ ಅರ್ಥ.

ಎರಡನೆಯ ಕಡೆ ಕಾಯುವ ಕಷ್ಟವಿತ್ತು. ಹೊರರೋಗಿ ವಿಭಾಗದ ಚೀಟಿ ಮಾಡಿಸಿ, ಸುಟ್ಟಗಾಯದ ರೋಗಿಗಳು, ಸೀಳುತುಟಿಯ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಇವರ ನಡುವೆ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂರಬೇಕಾಯಿತು. ಅಂದದ ಸಲುವಾಗಿ ಬಂದವರಿಗೆ ಅಲ್ಲಿ ಕೂರಲು ಮುಜುಗರವಾಗದೆ ಇರುವುದಿಲ್ಲ. ಆದರೆ ಸರದಿ ಬಂದ ಮೇಲೆ ನಡೆದ ಪರೀಕ್ಷೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹಿರಿಯ ಪ್ಲಾಸ್ಟಿಕ್ ಸರ್ಜನ್ ಒಬ್ಬರು, ಪಕ್ಕದಲ್ಲಿ ನರ್ಸ್ ಒಬ್ಬರನ್ನು ನಿಲ್ಲಿಸಿಕೊಂಡು, ಮೊದಲು ನನ್ನನ್ನು ನಿಲ್ಲಿಸಿ ಮುಂದಿನಿಂದಲೂ ಪಕ್ಕದಿಂದಲೂ ನೋಡಿದರು. ಮಲಗಿದಾಗ ಕೊಬ್ಬು ಪಕ್ಕಕ್ಕೆ ಸರಿಯುವುದರಿಂದ ನಿಂತ ಭಂಗಿಯಲ್ಲಿಯೇ ನೋಡಬೇಕು ಎಂದು ಜೊತೆಗಿದ್ದ ಕಿರಿಯ ವೈದ್ಯರಿಗೆ ವಿವರಿಸಿದರು. ಕೆಳಹೊಟ್ಟೆಯ ಮಡಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಎತ್ತಿ, ಬಿಟ್ಟು, ಚರ್ಮ ಎಷ್ಟು ಬೇಗ ತನ್ನ ಜಾಗಕ್ಕೆ ಮರಳುತ್ತದೆ ಎಂದು ಗಮನಿಸಿದರು. ಬಳಿಕ ಮಲಗಿಸಿ, ಕೈಗಳ ಆಸರೆಯಿಲ್ಲದೆ ತಲೆಯನ್ನು ಮಾತ್ರ ಎತ್ತಲು ಹೇಳಿದಾಗ ಹೊಕ್ಕುಳಿನ ಮೇಲೆ ನಡುಗೆರೆಯುದ್ದಕ್ಕೂ ಒಂದು ದಿಂಡು ಎದ್ದು ಬಂತು. ಅದರ ಮೇಲೆ ಎರಡು ಬೆರಳುಗಳನ್ನು ಊರಿ, "ಸ್ನಾಯು ಇಲ್ಲಿ ಅಗಲಿದೆ ನೋಡಿಯಮ್ಮ, ಕೊಬ್ಬು ತೆಗೆದರೂ ಈ ಉಬ್ಬು ಹೋಗೋದಿಲ್ಲ" ಎಂದರು. ಕೆಮ್ಮಲು ಹೇಳಿ ಹರ್ನಿಯಾ ಇದೆಯೇ ಎಂದು ಹೊಕ್ಕುಳು ಮತ್ತು ಹಳೆಯ ಹೊಲಿಗೆಯ ಉದ್ದಕ್ಕೂ ಕೈಯಾಡಿಸಿದರು. ಗಮನಕ್ಕೆ ಬಾರದ ಹರ್ನಿಯಾ ಇದ್ದಲ್ಲಿ ಕೊಳವೆ ಸ್ನಾಯುಗೋಡೆ ದಾಟಿ ಕರುಳಿಗೆ ತಗಲುವ ಅಪಾಯವಿರುವುದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ ಎಂಬುದು ಅವರ ವಿವರಣೆ. ಮೊದಲ ಕಡೆ ನನ್ನ ಹೊಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ನನಗೆ ಸಿಕ್ಕ ಉತ್ತರ ಹೀಗಿತ್ತು: ಬರೀ ಲೈಪೊಸಕ್ಷನ್ ಮಾಡಿದರೆ ಚರ್ಮ ಈಗಿನದಕ್ಕಿಂತ ಹೆಚ್ಚು ಜೋತುಬೀಳುತ್ತದೆ, ಬೇಕೆಂದರೆ ಹೆಚ್ಚುವರಿ ಚರ್ಮವನ್ನು ಕತ್ತರಿಸಿ ಸ್ನಾಯುವನ್ನು ಹೊಲಿಯುವ ಅಬ್ಡಾಮಿನೊಪ್ಲಾಸ್ಟಿ ಮಾಡಬಹುದು, ಆದರೆ ಅದು ಇನ್ನೂ ದೊಡ್ಡ ಶಸ್ತ್ರಚಿಕಿತ್ಸೆ, ಸೊಂಟದಿಂದ ಸೊಂಟದವರೆಗೆ ಗಾಯದ ಗೆರೆ ಉಳಿಯುತ್ತದೆ, ಚೇತರಿಕೆಗೆ ಹೆಚ್ಚು ವಾರಗಳು ಹಿಡಿಯುತ್ತವೆ. ಏನೂ ಮಾಡಿಸದೆ ಇರುವುದರಿಂದ ಆರೋಗ್ಯಕ್ಕೆ ಯಾವ ನಷ್ಟವೂ ಇಲ್ಲ ಎಂಬ ಮಾತನ್ನೂ ಅವರು ಸೇರಿಸಿದರು. ಏನೂ ಮಾಡದಿರುವುದನ್ನು ಆಯ್ಕೆಗಳ ಪಟ್ಟಿಯಲ್ಲಿ ಸೇರಿಸಿ ಹೇಳಿದವರು ಇಡೀ ಓಡಾಟದಲ್ಲಿ ಅವರೊಬ್ಬರೇ.

ಮನೆಯವರ ಹೊಟ್ಟೆಯನ್ನು ಅವರು ಹಿಡಿದು ನೋಡಿದಾಗ ಬೆರಳುಗಳ ನಡುವೆ ಸಿಕ್ಕಿದ್ದು ತೆಳ್ಳನೆಯ ಚರ್ಮ ಮಾತ್ರ. ಕೊಬ್ಬೆಲ್ಲ ಒಳಗಿದೆ, ಅದಕ್ಕೆ ಇರುವುದು ಊಟ, ನಡಿಗೆ, ಬೇಕಾದರೆ ಔಷಧಿ. ಸರ್ಜನ್ನನ ಬಳಿ ಮದ್ದಿಲ್ಲ ಎಂದು ಅವರನ್ನು ಅದೇ ಕಟ್ಟಡದ ಫಿಜಿಷಿಯನ್ ಹತ್ತಿರ ಕಳುಹಿಸಿದರು. ಈ ಮಾತಿಗೆ ಅಧ್ಯಯನದ ಆಧಾರವೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೊಜ್ಜುಳ್ಳ 15 ಮಹಿಳೆಯರ ಹೊಟ್ಟೆಯಿಂದ ಲೈಪೊಸಕ್ಷನ್ ಮೂಲಕ ಹೆಚ್ಚುಕಡಿಮೆ 10 ಕಿಲೊ ಕೊಬ್ಬನ್ನು ತೆಗೆದು, 10ರಿಂದ 12 ವಾರಗಳ ನಂತರ ಪರೀಕ್ಷಿಸಿದಾಗ ಇನ್ಸುಲಿನ್ ಕೆಲಸ ಮಾಡುವ ಬಗೆಯಾಗಲಿ, ರಕ್ತದೊತ್ತಡವಾಗಲಿ, ರಕ್ತದ ಕೊಬ್ಬಿನಂಶಗಳಾಗಲಿ ಸುಧಾರಿಸಿರಲಿಲ್ಲ. ಊಟ ಮತ್ತು ಓಡಾಟದಿಂದ ಅದಕ್ಕಿಂತ ಎಷ್ಟೋ ಕಡಿಮೆ ತೂಕ ಇಳಿಸಿದವರಿಗೂ ಈ ಅಳತೆಗಳು ಸುಧಾರಿಸುತ್ತವೆ. ಸಕ್ಕರೆ ಕಾಯಿಲೆ ತಪ್ಪಿಸಲು, ಮಂಡಿನೋವು ಇಳಿಸಲು ಲೈಪೊಸಕ್ಷನ್ ಯೋಚಿಸುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು.

ತೂಕದ ಲೆಕ್ಕವೂ ಜನ ಅಂದುಕೊಂಡಷ್ಟಿಲ್ಲ. ಒಮ್ಮೆಗೆ ಹೀರಿ ತೆಗೆದ ಒಟ್ಟು ದ್ರವ ಮತ್ತು ಕೊಬ್ಬು 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಎಂದು ಪರಿಗಣಿಸಿ, ಆ ರಾತ್ರಿ ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡಿಕೊಳ್ಳಬೇಕೆಂಬುದು ಸರ್ಜನ್ನರಲ್ಲಿ ಒಪ್ಪಿತವಾದ ಕ್ರಮ. ಒಂದು ಲೀಟರ್ ಕೊಬ್ಬು ಸುಮಾರು 900 ಗ್ರಾಂ ತೂಗುತ್ತದೆ, ಹೀರಿದ್ದರಲ್ಲಿ ತುಂಬಿಸಿದ ಸಲೈನಿನ ಪಾಲೂ ಇರುತ್ತದೆ. ಹಾಗಾಗಿ ತಕ್ಕಡಿಯಲ್ಲಿ ಕಾಣುವ ವ್ಯತ್ಯಾಸ ಕೆಲವೇ ಕಿಲೊಗಳದು. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬುದು ನಮ್ಮ ವೈದ್ಯರು ಬಳಸುವ ಮಿತಿ. ಸೊಂಟದ ಸುತ್ತಳತೆಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್. ಈ ಮಿತಿಗಳಿಂದ ಬಹಳ ದೂರವಿರುವವರು ಮೊದಲು ತೂಕವನ್ನು ಇಳಿಸಿ, ಅದು ಕೆಲವು ತಿಂಗಳು ನಿಂತ ಮೇಲೆ ಉಳಿದ ಉಬ್ಬುಗಳ ಬಗ್ಗೆ ಯೋಚಿಸುವುದೇ ಸರಿಯಾದ ಅನುಕ್ರಮ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೊವಿ ಚುಚ್ಚುಮದ್ದುಗಳಿಂದ ತೂಕ ಇಳಿಸಿಕೊಳ್ಳುತ್ತಿರುವವರಿಗೂ ಇದೇ ಮಾತು. ಅಂಥವರು ಅರಿವಳಿಕೆ ತಜ್ಞರಿಗೆ ಆ ವಿಷಯವನ್ನು ಮರೆಯದೆ ಹೇಳಬೇಕು, ಏಕೆಂದರೆ ಆ ಔಷಧಿಗಳಿಂದ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ.

ಎರಡನೆಯ ಕಡೆ "ಆಗಬಹುದು" ಎಂಬ ಉತ್ತರ ಸಿಕ್ಕಿದ್ದು ತಂಗಿಗೆ ಮಾತ್ರ, ಅದೂ ಒಂದು ಮಾತಿನಲ್ಲಿ ಅಲ್ಲ. ತೂಕ ಸ್ಥಿರವಾಗಿರುವುದು, ಚರ್ಮ ಬಿಗಿಯಾಗಿರುವುದು, ಕೊಬ್ಬು ಬೆರಳುಗಳ ನಡುವೆ ದಪ್ಪವಾಗಿ ಸಿಗುವುದು, ಸಿಗರೇಟು, ಸಕ್ಕರೆ ಕಾಯಿಲೆ ಇಲ್ಲದಿರುವುದು ಇವೆಲ್ಲ ಅವಳ ಪರವಾಗಿದ್ದವು. ಆದರೆ ಏಕೆ ಬೇಕು ಎಂಬ ಪ್ರಶ್ನೆಯ ಮೇಲೆ ವೈದ್ಯರು ಬಹಳ ಹೊತ್ತು ನಿಂತರು. ಯಾರಾದರೂ ಹೇಳಿದರೇ, ಮದುವೆಯ ಮಾತುಕತೆ ಇದೆಯೇ, ಯಾವಾಗಿನಿಂದ ಹೀಗನ್ನಿಸುತ್ತಿದೆ, ದಿನಕ್ಕೆ ಎಷ್ಟು ಸಲ ಕನ್ನಡಿಯಲ್ಲಿ ಅದನ್ನೇ ನೋಡುತ್ತೀರಿ ಎಂದೆಲ್ಲ ಕೇಳಿದರು. ಇಲ್ಲದ ಅಥವಾ ಅತಿ ಚಿಕ್ಕದಾದ ಊನವೊಂದು ಮನಸ್ಸನ್ನು ಇಡೀ ದಿನ ಆಳುವ ಸ್ಥಿತಿ ಇರುವವರಿಗೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದರೂ ಸಮಾಧಾನವಾಗುವುದಿಲ್ಲ, ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕಾಗುತ್ತದೆ ಎಂದು ಅವರು ಹೇಳಿದ್ದು ನನಗೆ ಒಪ್ಪಿಗೆಯಾಯಿತು. ಹುಡುಗಿ ನೋಡಲು ಬರುವವರ ದಿನಾಂಕವನ್ನು ಹಿಡಿದುಕೊಂಡು ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡುವ ಮನೆಗಳು ನಮ್ಮಲ್ಲಿ ಇವೆ ಎಂಬುದನ್ನು ಬಲ್ಲವರ ಪ್ರಶ್ನೆಗಳು ಅವು. ಕೆಲವು ತಿಂಗಳು ಯೋಚಿಸಿ ಬನ್ನಿ, ಮುಂಗಡ ಏನೂ ಬೇಡ ಎಂದು ಕಳುಹಿಸಿದರು. ತಂಗಿ ಯೋಚಿಸಿಯೇ ಮರಳಿ ಹೋದಳು, ಮಾಡಿಸಿಕೊಂಡಳು.

ಅವಳ ಚೇತರಿಕೆಯನ್ನು ಹತ್ತಿರದಿಂದ ಕಂಡದ್ದರಿಂದ ಬರೆಯುತ್ತಿದ್ದೇನೆ. ಮೊದಲ ರಾತ್ರಿ ರಂಧ್ರಗಳಿಂದ ತಿಳಿಗೆಂಪು ನೀರು ಎಡೆಬಿಡದೆ ಜಿನುಗಿ, ಹಾಸಿಗೆಗೆ ಹಾಕಿದ್ದ ಪ್ಲಾಸ್ಟಿಕ್ ಹಾಳೆಯ ಮೇಲಿನ ಹಳೆಯ ಪಂಚೆಗಳನ್ನು ಮತ್ತೆ ಮತ್ತೆ ಬದಲಾಯಿಸಬೇಕಾಯಿತು. ಅದು ತುಂಬಿಸಿದ ಸಲೈನ್ ಹೊರಬರುವ ಸಹಜ ಕ್ರಮವೆಂದು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ತೊಡೆಗಳ ಮೇಲೆ ನೇರಳೆ, ನಂತರ ಹಳದಿಗೆ ತಿರುಗಿದ ಕಲೆಗಳು. ಸೊಂಟದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಹಿಡಿಯುವ ಗಾರ್ಮೆಂಟನ್ನು ಹಗಲೂ ರಾತ್ರಿಯೂ ವಾರಗಟ್ಟಲೆ ಧರಿಸುವ ಹಿಂಸೆ, ಅದೂ ಏಪ್ರಿಲ್‌ನ ಸೆಕೆಯಲ್ಲಿ. ಸಾಮಾನ್ಯವಾಗಿ 4ರಿಂದ 6 ವಾರ ಅದನ್ನು ಹಾಕಿಕೊಳ್ಳಬೇಕಾಗುತ್ತದೆ. ಬೇಸಿಗೆಯಲ್ಲಿ ಮಾಡಿಸಬೇಡಿ ಎಂಬುದಷ್ಟೇ ನನ್ನ ಸ್ವಂತ ಸಲಹೆ. ಮರುದಿನದಿಂದಲೇ ಮನೆಯೊಳಗೆ ನಡೆದಾಡಿಸಿದರು, ಅದು ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು. ಮೊದಲ ವಾರಗಳಲ್ಲಿ ಊತದಿಂದ ತೊಡೆಗಳು ಹಿಂದಿಗಿಂತ ದಪ್ಪವಾಗಿಯೇ ಕಂಡವು. ನಿಜವಾದ ಆಕಾರ ಕಾಣಲು 3ರಿಂದ 6 ತಿಂಗಳು ಬೇಕು. ಈಗ ಆಕಾರ ಚೆನ್ನಾಗಿದೆ, ಅವಳಿಗೆ ತೃಪ್ತಿಯೂ ಇದೆ. ಆದರೂ ಎಡತೊಡೆಯಲ್ಲಿ ಕೈಯಾಡಿಸಿದರೆ ತಿಳಿಯುವ ಸಣ್ಣ ತಗ್ಗು ಒಂದಿದೆ, ಒಂದು ಅಂಗೈಯಷ್ಟು ಜಾಗದಲ್ಲಿ ಬಹುಕಾಲ ಸ್ಪರ್ಶ ಮಂದವಾಗಿತ್ತು, ರಂಧ್ರ ಹಾಕಿದ ಕಡೆ ನಮ್ಮಂಥ ಮೈಬಣ್ಣದವರಿಗೆ ಸಾಮಾನ್ಯವಾಗಿ ಆಗುವಂತೆ ಕಪ್ಪು ಚುಕ್ಕೆಗಳು ಉಳಿದಿವೆ. ಇವುಗಳಲ್ಲಿ ಯಾವುದೂ ಅನಿರೀಕ್ಷಿತವಾಗಿರಲಿಲ್ಲ. ಎಲ್ಲವನ್ನೂ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು.

ಮತ್ತೆ ದಪ್ಪವಾಗುವುದಿಲ್ಲವೇ ಎಂಬ ಪ್ರಶ್ನೆಗೆ ಕ್ಲಿನಿಕ್ಕಿನ ಕೌನ್ಸೆಲರ್ "ಪರ್ಮನೆಂಟ್" ಎಂದಿದ್ದರು. ತೆಗೆದ ಕೊಬ್ಬಿನ ಕಣಗಳು ಅದೇ ಜಾಗದಲ್ಲಿ ಹಿಂದಿನಂತೆ ಬೆಳೆಯುವುದಿಲ್ಲ ಎಂಬಷ್ಟರ ಮಟ್ಟಿಗೆ ಅದು ನಿಜ. ಆದರೆ ಕೊಲರಾಡೊ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೊಜ್ಜಿಲ್ಲದ ಮಹಿಳೆಯರ ತೊಡೆ ಮತ್ತು ಕೆಳಹೊಟ್ಟೆಯಿಂದ ತೆಗೆದಷ್ಟು ಕೊಬ್ಬು ವರ್ಷ ಕಳೆಯುವುದರೊಳಗೆ ದೇಹಕ್ಕೆ ಮರಳಿತ್ತು. ತೊಡೆಗಳು ಸಣ್ಣಗೇ ಉಳಿದವು, ಮರಳಿದ ಕೊಬ್ಬು ಮುಖ್ಯವಾಗಿ ಹೊಟ್ಟೆಯ ಭಾಗದಲ್ಲಿ ಸೇರಿಕೊಂಡಿತು. ತಂಗಿಗೆ ಇದನ್ನು ವೈದ್ಯರೇ ತಿಳಿಸಿದ್ದರು, ಅವಳ ಸಂಜೆಯ ನಡಿಗೆ ಈಗ ಮೊದಲಿಗಿಂತ ಕಟ್ಟುನಿಟ್ಟಾಗಿದೆ.

ಅಪಾಯದ ಮಾತನ್ನು ಬೆಂಗಳೂರಿನಲ್ಲಿ ಯಾರೂ ಹಗುರವಾಗಿ ಆಡುವಂತಿಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್, ಕೇವಲ 21ರ ವಯಸ್ಸಿನಲ್ಲಿ, ನಗರದ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರಿಂದ ಮಾಹಿತಿ ಸಂಗ್ರಹಿಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, 1990ರ ದಶಕದಲ್ಲಿ ಸುಮಾರು 5,000 ಲೈಪೊಸಕ್ಷನ್‌ಗಳಿಗೆ ಒಂದು ಸಾವು ಎಂಬ ಲೆಕ್ಕ ಕೊಟ್ಟಿತ್ತು. ಅತಿ ಹೆಚ್ಚಿನ ಸಾವುಗಳಿಗೆ ಕಾರಣ ಕಾಲಿನಿಂದ ಹೊರಟ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಸಿಕ್ಕಿಕೊಂಡದ್ದು. ಮರುವರ್ಷದ ಇನ್ನೊಂದು ಸಮೀಕ್ಷೆಯಲ್ಲಿ ಲೈಪೊಸಕ್ಷನ್ ಒಂದನ್ನೇ ಮಾಡಿದಾಗ 47,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಂದು ಸಾವು ಕಂಡರೆ, ಅಬ್ಡಾಮಿನೊಪ್ಲಾಸ್ಟಿಯ ಜೊತೆಗೂಡಿಸಿ ಮಾಡಿದಾಗ ಅದು 3,300ಕ್ಕೆ ಒಂದರ ಆಸುಪಾಸಿಗೆ ಏರಿತ್ತು. "ಒಂದೇ ಅನಸ್ತೇಶಿಯಾದಲ್ಲಿ ಎಲ್ಲ ಮಾಡಿಸಿಬಿಡಿ" ಎಂಬ ಉತ್ಸಾಹದ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ರಕ್ತನಾಳಕ್ಕೆ ಕೊಬ್ಬಿನ ಕಣಗಳು ಸೇರುವುದು, ತುಂಬಿಸಿದ ದ್ರವ ಹೆಚ್ಚಾಗಿ ಶ್ವಾಸಕೋಶದಲ್ಲಿ ನೀರು ನಿಲ್ಲುವುದು, ಸೋಂಕು, ಕರುಳಿಗೆ ಪೆಟ್ಟು ಇವೂ ಅಪರೂಪಕ್ಕೆ ಆಗುತ್ತವೆ. ಲಿಗ್ನೊಕೇನ್ ಬಗ್ಗೆ ನನಗೆ ಅಚ್ಚರಿಯಾದದ್ದು, ಕೊಬ್ಬಿನಲ್ಲಿ ತುಂಬಿಸಿದ ಆ ಔಷಧಿ ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟ ಮುಟ್ಟುವುದು ಶಸ್ತ್ರಚಿಕಿತ್ಸೆ ಮುಗಿದು ಎಷ್ಟೋ ಗಂಟೆಗಳ ನಂತರ, ರೋಗಿ ಮನೆಗೆ ಹೋಗಿ ಮಲಗಿರುವ ಹೊತ್ತಿಗೆ. ರಾತ್ರಿ ತಲೆ ತಿರುಗಿದರೆ, ತುಟಿ ಜೋಮು ಹಿಡಿದರೆ, ಉಸಿರು ಸಾಲದಾದರೆ ಯಾರಿಗೆ ಫೋನ್ ಮಾಡಬೇಕು ಎಂಬ ಪ್ರಶ್ನೆಗೆ ಕ್ಲಿನಿಕ್ ಕೊಟ್ಟದ್ದು ಸ್ವಾಗತಕಾರರ ನಂಬರ್. ಆಸ್ಪತ್ರೆ ಕೊಟ್ಟದ್ದು ರಾತ್ರಿ ಪಾಳಿಯ ಸರ್ಜನ್ನರ ನಂಬರ್. ವಿಮರ್ಶೆಯನ್ನು ಒಂದೇ ಸಾಲಿನಲ್ಲಿ ಬರೆಯಬೇಕಾಗಿದ್ದರೆ ನಾನು ಇದನ್ನೇ ಬರೆಯುತ್ತಿದ್ದೆ.

ಹೋಗುವವರು ಕೇಳಲೇಬೇಕಾದವು ಕೆಲವಿವೆ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯ ಉನ್ನತ ಪದವಿಗಳಾದ ಎಂ.ಸಿಎಚ್. ಅಥವಾ ಡಿಎನ್‌ಬಿ ಪಡೆದ ಸರ್ಜನ್ನರೇ, ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿದೆಯೇ ಎಂದು ನೋಡಬೇಕು. ತರಬೇತಿ ಪಡೆದ ಚರ್ಮವೈದ್ಯರು ಸ್ಥಳೀಯ ಅರಿವಳಿಕೆಯಲ್ಲಿ ಸಣ್ಣ ಪ್ರಮಾಣದ ಲೈಪೊಸಕ್ಷನ್ ಮಾಡುವುದುಂಟು, ಅದು ತಪ್ಪಲ್ಲ. ಆದರೆ "ಕಾಸ್ಮೆಟಾಲಜಿಸ್ಟ್" ಎಂಬ ಫಲಕವೊಂದೇ ಸಾಲದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಪಡೆದ ನೋಂದಣಿ ಪತ್ರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು, ಅದರಲ್ಲಿ ಆ ಸಂಸ್ಥೆಗೆ ಯಾವ ಬಗೆಯ ಅನುಮತಿ ಇದೆ ಎಂಬುದನ್ನು ಓದಬೇಕು. ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಕೊಠಡಿಯಲ್ಲೇ ಇರುತ್ತಾರೆಯೇ, ಅದೇ ಕಟ್ಟಡದಲ್ಲಿ ತೀವ್ರ ನಿಗಾ ಘಟಕವಿದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಯೊಡನೆ ಏರ್ಪಾಡಾಗಿದೆ ಎಂದು ಕೇಳಿದಾಗ ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬರಬಹುದು.

ಲೇಸರ್, ವೇಸರ್, ಪವರ್-ಅಸಿಸ್ಟೆಡ್, ಎಚ್‌ಡಿ ಎಂದು ಲೈಪೊಸಕ್ಷನ್‌ನ ಬಗೆಗಳಿಗೆ ಇಟ್ಟಿರುವ ಹೆಸರುಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ವೇಸರ್‌ನಲ್ಲಿ ಶ್ರವಣಾತೀತ ಅಲೆಗಳಿಂದ ಕೊಬ್ಬನ್ನು ಸಡಿಲಗೊಳಿಸಿ ಹೀರುತ್ತಾರೆ, ಗಂಡಸರ ಎದೆಯಂಥ ನಾರುಳ್ಳ ಭಾಗಗಳಲ್ಲಿ ಅದು ಅನುಕೂಲ. ಆದರೆ ಶಾಖದಿಂದ ಸುಡುವ ಸಾಧ್ಯತೆಯೂ ಜೊತೆಗೆ ಬರುತ್ತದೆ. ಯಂತ್ರಕ್ಕಿಂತ ಹಿಡಿದ ಕೈ ಮುಖ್ಯ ಎಂದು ಸರ್ಜನ್ ಹೇಳಿದ್ದನ್ನು ನಾನು ನಂಬುತ್ತೇನೆ. ಶಸ್ತ್ರಚಿಕಿತ್ಸೆಯಿಲ್ಲದೆ ಕೊಬ್ಬನ್ನು ತಂಪಿನಿಂದ ನಾಶಮಾಡುವ ಕ್ರಯೊಲಿಪೊಲಿಸಿಸ್ ಅನ್ನೂ ಕ್ಲಿನಿಕ್ಕಿನಲ್ಲಿ ಸೂಚಿಸಿದ್ದರು. ಅದರ ಪರಿಣಾಮ ಮಿತವಾದದ್ದು, ತಂಪು ಕೊಟ್ಟ ಜಾಗದಲ್ಲೇ ಕೊಬ್ಬು ಗಟ್ಟಿಯಾಗಿ ಬೆಳೆಯುವ ಅಪರೂಪದ ತೊಂದರೆಯೂ ಉಂಟು. ಕೆನಡಾದ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹಾಗಾಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿದ್ದರು.

ಹಣದ ವಿಷಯದಲ್ಲಿ ಆಸ್ಪತ್ರೆ ಅಗ್ಗ, ಕ್ಲಿನಿಕ್ ದುಬಾರಿ ಎಂದು ಹೇಳಿದರೆ ಪೂರ್ತಿ ಸರಿಯಾಗದು. ಕ್ಲಿನಿಕ್ಕಿನ ಮೊತ್ತದಲ್ಲಿ ಗಾರ್ಮೆಂಟ್, ರಕ್ತಪರೀಕ್ಷೆ ಮತ್ತು ತೆರಿಗೆ ಸೇರಿರಲಿಲ್ಲ. ಸೇರಿಸಿ ಕೇಳಿದಾಗ ಅಂಕಿ ಬೇರೆಯೇ ಆಯಿತು. ಚಿಕಿತ್ಸಾ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇದ್ದರೂ ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ, 18 ಪ್ರತಿಶತ ಕಟ್ಟಬೇಕು. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವ ಷರತ್ತು ಸಾಮಾನ್ಯ. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಗೆ ಅದರಲ್ಲಿ ಅವಕಾಶವಿರುತ್ತದೆ. ಎಲ್ಲವೂ ಸೇರಿದ ಲಿಖಿತ ಅಂದಾಜು ಇಲ್ಲದೆ, ಮರುಸರಿಪಡಿಸುವ ಶಸ್ತ್ರಚಿಕಿತ್ಸೆ ಬೇಕಾದರೆ ಅದರ ವೆಚ್ಚ ಯಾರದು ಎಂಬುದು ಬರೆದಿರದೆ, ಒಂದು ರೂಪಾಯಿಯನ್ನೂ ಕಟ್ಟಬಾರದು.

ಆಸ್ಪತ್ರೆಯ ಲೋಪಗಳನ್ನೂ ಹೇಳದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಪರೀಕ್ಷಾ ಕೊಠಡಿಗೆ ಪರದೆಯಷ್ಟೇ ಇದ್ದು, ಆಚೆ ಬದಿಯವರ ಮಾತು ನಮಗೂ ನಮ್ಮದು ಅವರಿಗೂ ಕೇಳುತ್ತಿತ್ತು. ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ವೈದ್ಯರು ಕನ್ನಡದಲ್ಲಿ ಬಿಡಿಸಿ ಹೇಳಿದರು ನಿಜ, ಆದರೆ ಸಹಿ ಹಾಕುವ ಕಾಗದವೇ ಓದಲು ಬಾರದ ಭಾಷೆಯಲ್ಲಿದ್ದರೆ ಹಳ್ಳಿಯಿಂದ ಬಂದವರ ಪಾಡೇನು? ಲಿಖಿತ ಅಂದಾಜಿಗಾಗಿ ಬಿಲ್ಲಿಂಗ್ ವಿಭಾಗಕ್ಕೆ ಓಡಾಡಿಸಿದರು. ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಇಲ್ಲವೆನ್ನಬಹುದು.

ಐದಕ್ಕೆ ಅಂಕ ಕೊಡುವುದಾದರೆ ಕ್ಲಿನಿಕ್ಕಿನ ಸೌಕರ್ಯಕ್ಕೆ ನಾಲ್ಕೂವರೆ, ಸಮಾಲೋಚನೆಗೆ ಒಂದು. ಆಸ್ಪತ್ರೆಯ ಸೌಕರ್ಯಕ್ಕೆ ಎರಡು, ಸಮಾಲೋಚನೆಗೆ ಐದು. ನಾನು ಯಾವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿಲ್ಲ, ಸದ್ಯಕ್ಕೆ ಮಾಡಿಸುವ ಯೋಚನೆಯೂ ಇಲ್ಲ. ಸ್ನಾಯುವಿನ ಅಗಲಿಕೆಗೆ ಫಿಜಿಯೊಥೆರಪಿ ವಿಭಾಗದವರು ಹೇಳಿಕೊಟ್ಟ ವ್ಯಾಯಾಮಗಳನ್ನು ಮಾಡುತ್ತಿದ್ದೇನೆ. ಇಂಥ ಬೋಧನಾ ಆಸ್ಪತ್ರೆಗಳಿಗೆ ಹೋಗುವವರು ಹಿಂದಿನ ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಸಾರಾಂಶ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಗರ್ಭನಿರೋಧಕ ಮಾತ್ರೆಗಳಿದ್ದರೆ ಅವುಗಳ ಹೆಸರನ್ನೂ ಒಯ್ಯಬೇಕು. ಚೀಟಿ ಕೊಡುವ ಕಿಟಕಿ ಬೆಳಗ್ಗೆ ಬೇಗ ಮುಚ್ಚುವುದರಿಂದ, ತುಮಕೂರು, ಕೋಲಾರದ ಕಡೆಯಿಂದ ಬರುವವರು ಮೊದಲ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.